ಬಾಯಿಂದ ಬಾಯಿಗೆ ಉಳಿದ ಹಾಡು



ಹಾಡು ಎಂದೊಡನೆ ನಮ್ಮ ನೆನಪಿಗೆ ಬರುವುದು ತೊಟ್ಟಿಲು, ಮದುವೆಯ ಚಪ್ಪರ, ಗದ್ದೆಯ ನಾಟಿ, ಸಂಜೆಯ ಭಜನೆ. ಹಾಡು ಸಂತೋಷದ ಸಂಗಾತಿ, ದುಡಿಮೆಯ ಆಯಾಸವನ್ನು ಮರೆಸುವ ಸಾಧನ ಎಂದು ನಾವು ತಿಳಿದಿರುವುದು ಸರಿಯೇ. ಆದರೆ ನಾಳಿನ ಬೆಳಗನ್ನು ಕಾಣುವೆವೆಂಬ ಭರವಸೆಯೇ ಇಲ್ಲದ ಜನರು ಹಾಡು ಕಟ್ಟುವರೆ? ಕಟ್ಟಿದರೂ ಅದರಿಂದ ಆಗುವ ಪ್ರಯೋಜನವೇನು? ಈ ಪ್ರಶ್ನೆಗೆ ಉತ್ತರವನ್ನು ಅರಸುವವರು ಎರಡನೆಯ ಮಹಾಯುದ್ಧದ ಕಾಲದಲ್ಲಿ ಯುರೋಪಿನ ಯೆಹೂದ್ಯರು ಯಿಡ್ಡಿಶ್ ಭಾಷೆಯಲ್ಲಿ ಕಟ್ಟಿ ಹಾಡಿದ ಪಾರ್ಟಿಸಾನ್ ಗೀತೆಗಳ ಕಥೆಯನ್ನು ಅರಿಯಬೇಕು. ಪಾರ್ಟಿಸಾನ್ ಎಂದರೆ ಶತ್ರುವು ಆಕ್ರಮಿಸಿದ ನೆಲದಲ್ಲಿಯೇ ಕಾಡುಮೇಡುಗಳಲ್ಲಿ ಅಡಗಿದ್ದುಕೊಂಡು ಹೋರಾಡುವ ಯೋಧ.

ಮೊದಲು ಭಾಷೆಯ ವಿಚಾರ. ಯಿಡ್ಡಿಶ್ ಜರ್ಮನ್ ಮೂಲದ ನುಡಿ. ಅದರೊಳಗೆ ಹೀಬ್ರೂ ಶಬ್ದಗಳೂ ಪೋಲಿಷ್, ರಷ್ಯನ್ ಮೊದಲಾದ ನೆರೆನುಡಿಗಳ ಶಬ್ದಗಳೂ ಬೆರೆತಿವೆ. ಬರೆಯುವುದು ಹೀಬ್ರೂ ಲಿಪಿಯಲ್ಲಿ, ಬಲದಿಂದ ಎಡಕ್ಕೆ. ಪ್ರಾರ್ಥನೆಗೂ ಶಾಸ್ತ್ರಕ್ಕೂ ಹೀಬ್ರೂ, ಮನೆಗೂ ಸಂತೆಗೂ ಯಿಡ್ಡಿಶ್. ಇದು ಪೂರ್ವ ಯುರೋಪಿನ ಯೆಹೂದ್ಯರಲ್ಲಿ ನೂರಾರು ವರ್ಷಗಳಿಂದ ನಡೆದು ಬಂದ ರೂಢಿ. ‘ಮಾಮೆ ಲೋಶನ್’, ಅಂದರೆ ತಾಯಿಯ ನುಡಿ, ಎಂದೇ ಅದನ್ನು ಪ್ರೀತಿಯಿಂದ ಕರೆಯುತ್ತಿದ್ದರು. ಯುದ್ಧಕ್ಕೆ ಮುಂಚೆ ಒಂದು ಕೋಟಿಗೂ ಮಿಕ್ಕಿದ ಜನರು ಈ ಭಾಷೆಯನ್ನು ಆಡುತ್ತಿದ್ದರು. ಹಿಟ್ಲರನ ಆಡಳಿತವು ಕೊಂದ ಸುಮಾರು 60 ಲಕ್ಷ ಯೆಹೂದ್ಯರಲ್ಲಿ ಬಹುಪಾಲು ಜನರ ಮನೆಮಾತು ಇದೇ ಆಗಿತ್ತು.

ಈ ಹಾಡುಗಳಲ್ಲಿ ಮುಖ್ಯವಾದ ಹಲವು ಹುಟ್ಟಿದ್ದು ವಿಲ್ನಾ ನಗರದಲ್ಲಿ. ಈಗ ಅದು ಲಿಥುವೇನಿಯದ ರಾಜಧಾನಿ ವಿಲ್ನಿಯಸ್. ವಿದ್ವಾಂಸರೂ ಮುದ್ರಣಾಲಯಗಳೂ ಗ್ರಂಥಾಲಯಗಳೂ ತುಂಬಿದ್ದ ಆ ಊರಿಗೆ ‘ಲಿಥುವೇನಿಯದ ಜೆರೂಸಲೇಂ’ ಎಂಬ ಬಿರುದಿತ್ತು. 1941ರ ಜೂನ್ ತಿಂಗಳಲ್ಲಿ ಜರ್ಮನ್ ಸೈನ್ಯವು ಅದನ್ನು ಹಿಡಿಯಿತು. ಸೆಪ್ಟೆಂಬರದಲ್ಲಿ ಯೆಹೂದ್ಯರನ್ನು ಕೆಲವು ಇಕ್ಕಟ್ಟಾದ ಬೀದಿಗಳಲ್ಲಿ ಕೂಡಿಹಾಕಿ ಕಾವಲಿಟ್ಟರು. ಇಂತಹ ಸೆರೆಬೀದಿಗೆ ಘೆಟ್ಟೋ ಎಂದು ಹೆಸರು. ಊರ ಹೊರಗಿನ ಪೊನಾರಿ ಎಂಬ ಕಾಡಿಗೆ ಜನರನ್ನು ತಂಡತಂಡವಾಗಿ ಒಯ್ದು, ಹೊಂಡಗಳ ಅಂಚಿನಲ್ಲಿ ನಿಲ್ಲಿಸಿ ಗುಂಡಿಕ್ಕಿದರು. ಯುದ್ಧಕ್ಕೆ ಮುಂಚೆ ನಗರದಲ್ಲಿ ಸುಮಾರು 55,000 ಯೆಹೂದ್ಯರಿದ್ದರು. 1941ರ ಅಂತ್ಯಕ್ಕೆ ಘೆಟ್ಟೋದಲ್ಲಿ ಉಳಿದವರು ಸುಮಾರು 20,000 ಮಂದಿ.

ಹೀಗಿದ್ದರೂ ಆ ಜನರು ಒಳಗೊಂದು ಊರನ್ನೇ ನಡೆಸಿದರು. ಮಕ್ಕಳಿಗೆ ಶಾಲೆಗಳಿದ್ದುವು. ಹೆರ್ಮನ್ ಕ್ರುಕ್ ಎಂಬ ಗ್ರಂಥಪಾಲಕರು ಪುಸ್ತಕಾಲಯವನ್ನು ನಡೆಸಿದರು. 1942ರ ಡಿಸೆಂಬರದಲ್ಲಿ ಅಲ್ಲಿಂದ ಓದಲು ಕೊಟ್ಟ ಪುಸ್ತಕಗಳ ಸಂಖ್ಯೆ ಒಂದು ಲಕ್ಷಕ್ಕೆ ಮುಟ್ಟಿತು. 1942ರ ಜನವರಿಯಲ್ಲಿ ರಂಗಮಂದಿರವೂ ಆರಂಭವಾಯಿತು. ‘ಸ್ಮಶಾನದಲ್ಲಿ ನಾಟಕವೇ?’ ಎಂಬ ಆಕ್ಷೇಪ ಆಗ ಕೇಳಿಬಂದಿತ್ತು. ನ್ಯಾಯವಾದ ಆಕ್ಷೇಪವೇ ಸರಿ. ಆದರೂ ಜನರು ಬಂದರು, ಕೇಳಿದರು, ಅತ್ತರು. ಮರುದಿನ ಮತ್ತೆ ಬಂದರು.

ಅದೇ ಜನವರಿಯಲ್ಲಿ ಗುಟ್ಟಾಗಿ ಇನ್ನೊಂದು ಸಂಘಟನೆಯೂ ಹುಟ್ಟಿತು. ಬೇರೆ ಬೇರೆ ಪಕ್ಷಗಳ ಯುವಜನರು ತಮ್ಮ ಭೇದಗಳನ್ನು ಬದಿಗಿಟ್ಟು ‘ಸಂಯುಕ್ತ ಪಾರ್ಟಿಸಾನ್ ಸಂಘಟನೆ’ಯನ್ನು ಕಟ್ಟಿದರು. ಇಟ್ಜಿಕ್ ವಿಟೆನ್‌ಬೆರ್ಗ್, ಅಬ್ಬಾ ಕೊವ್ನರ್ ಮೊದಲಾದವರು ಅದರ ಮುಂದಾಳುಗಳು. 1942ರಲ್ಲಿ ಈ ಪಡೆಯವರು ಮನೆಯಲ್ಲಿಯೇ ಮಾಡಿದ ಸಿಡಿಗುಂಡಿನಿಂದ ಜರ್ಮನರ ರೈಲುಗಾಡಿಯೊಂದನ್ನು ಉರುಳಿಸಿದರು. ಅದರಲ್ಲಿ ವಿಟ್ಕಾ ಕೆಂಪ್ನರ್ ಎಂಬ ತರುಣಿಯ ಪಾತ್ರ ದೊಡ್ಡದು.

ಹಾಡಿನ ಕಥೆ ಇಲ್ಲಿಂದ ಮೊದಲಾಗುತ್ತದೆ. ಹಿರ್ಷ್ ಗ್ಲಿಕ್ ಎಂಬವನು 1922ರಲ್ಲಿ ವಿಲ್ನಾದ ಬಡ ಮನೆಯಲ್ಲಿ ಹುಟ್ಟಿದ ಹುಡುಗ. ಹದಿಮೂರರ ಪ್ರಾಯದಲ್ಲಿಯೇ ಕವಿತೆ ಬರೆಯತೊಡಗಿದ್ದನು. ಜರ್ಮನರು ಅವನನ್ನು ದುಡಿಮೆಯ ಶಿಬಿರಕ್ಕೆ ಅಟ್ಟಿದರು. 1943ರಲ್ಲಿ ಅವನನ್ನು ಘೆಟ್ಟೋಕ್ಕೆ ಮರಳಿ ತಂದರು. ಪಾರ್ಟಿಸಾನ್ ತರುಣಿಯ ಸಾಹಸವನ್ನು ಕುರಿತು ‘ಷ್ಟಿಲ್, ದಿ ನಾಖ್ಟ್’ ಎಂಬ ಹಾಡನ್ನು ಬರೆದವನು ಇವನೇ. ಅದರಲ್ಲಿ ಅಬ್ಬರವಿಲ್ಲ. ಚಳಿಯ ರಾತ್ರಿ, ನಕ್ಷತ್ರಗಳು, ಕೈಯಲ್ಲಿ ಪಿಸ್ತೂಲು ಹಿಡಿದ ಹುಡುಗಿ, ಅವಳನ್ನು ನೆನೆಯುವ ಗೆಳೆಯ: ಕೇಳುವವರಿಗೆ ಪ್ರೇಮಗೀತೆಯಂತೆಯೇ ತೋರುತ್ತದೆ. ವೀರರ ಕಥೆಯೆಂದರೆ ಕತ್ತಿಯ ಝಣಝಣವೇ ಇರಬೇಕೆಂದು ತಿಳಿದವರಿಗೆ ಇದೊಂದು ಪಾಠ.

1943ರ ಎಪ್ರಿಲ್ 19ರಂದು ಪೋಲೆಂಡಿನ ವಾರ್ಸಾ ಘೆಟ್ಟೋದ ಯೆಹೂದ್ಯರು ಜರ್ಮನರ ವಿರುದ್ಧ ದಂಗೆಯೆದ್ದರು. ಕೆಲವೇ ಪಿಸ್ತೂಲುಗಳನ್ನೂ ಕೈಬಾಂಬುಗಳನ್ನೂ ಹಿಡಿದು ವಾರಗಟ್ಟಲೆ ಸೈನ್ಯವನ್ನು ತಡೆದರು. ಸುದ್ದಿ ವಿಲ್ನಾಕ್ಕೆ ಮುಟ್ಟಿತು. ಅದರ ಸ್ಫೂರ್ತಿಯಿಂದ ಗ್ಲಿಕ್ ಬರೆದ ಹಾಡೇ ‘ಝೋಗ್ ನಿಟ್ ಕೆಯ್ನ್ ಮೋಲ್’. ಎಂತಹ ಕತ್ತಲೆಯಲ್ಲಿಯೂ ಆಶೆ ಬಿಡಬಾರದೆಂಬುದೇ ಅದರ ತಿರುಳು. ರಾಗವು ಅವನದಲ್ಲ, ಪೊಕ್ರಾಸ್ ಸೋದರರು ಸೋವಿಯತ್ ಚಲನಚಿತ್ರಕ್ಕಾಗಿ ಮಾಡಿದ ಗೀತೆಯೊಂದರ ಮಟ್ಟಿಗೆ ತನ್ನ ಮಾತುಗಳನ್ನು ಹೊಂದಿಸಿದನು. ಕಾರಣ ಸ್ಪಷ್ಟ. ಕಾಗದ ಸಿಕ್ಕದ, ಸಿಕ್ಕಿದರೂ ಬಚ್ಚಿಡಲಾಗದ ಜಾಗದಲ್ಲಿ ಹಾಡು ಹಬ್ಬಬೇಕಾದರೆ ಕಿವಿಗೆ ಪರಿಚಿತವಾದ ಮಟ್ಟೇ ಬೇಕು. ಒಮ್ಮೆ ಕೇಳಿದವನು ಎರಡನೆಯ ಸಲ ತಾನೇ ಹಾಡುವನು. ಪಾರ್ಟಿಸಾನ್ ಸಂಘಟನೆಯು ಅದನ್ನು ತನ್ನ ಗೀತೆಯಾಗಿ ಸ್ವೀಕರಿಸಿತು.

ಅದೇ ವರ್ಷ ಘೆಟ್ಟೋದಲ್ಲಿ ಸಂಗೀತ ರಚನೆಯ ಸ್ಪರ್ಧೆಯೊಂದು ನಡೆಯಿತು. ಬಹುಮಾನ ಪಡೆದವನು ಅಲೆಕ್ ವೊಲ್ಕೊವಿಸ್ಕಿ ಎಂಬ ಹನ್ನೊಂದು ವರ್ಷದ ಬಾಲಕ. ನಮ್ಮ ಶಾಲೆಗಳ ಲೆಕ್ಕದಲ್ಲಿ ಐದನೆಯ ಆರನೆಯ ತರಗತಿಯ ಹುಡುಗನೆಂದು ತಿಳಿಯಿರಿ. ಅವನ ರಾಗಕ್ಕೆ ಷ್ಮೆರ್ಕೆ ಕಾಚೆರ್ಗಿನ್‌ಸ್ಕಿ ಎಂಬ ಕವಿ ಯಿಡ್ಡಿಶಿನಲ್ಲಿ ಪದ ಕಟ್ಟಿದರು. ಪೊನಾರಿಗೆ ಹೋದ ತಂದೆ ಮರಳಿ ಬರಲಿಲ್ಲವೆಂದು ಮಗುವಿಗೆ ಮೆಲ್ಲಗೆ ತಿಳಿಸುವ ಜೋಗುಳವದು. ಆ ಬಾಲಕನು ಬದುಕಿ ಉಳಿದು, ಮುಂದೆ ಅಲೆಕ್ಸಾಂಡರ್ ತಾಮಿರ್ ಎಂಬ ಹೆಸರಿನಿಂದ ಜೆರೂಸಲೇಮಿನಲ್ಲಿ ಪ್ರಸಿದ್ಧ ಪಿಯಾನೋ ವಾದಕನಾದನು, 2019ರಲ್ಲಿ ನಿಧನನಾದನು.

1943ರ ಸೆಪ್ಟೆಂಬರದಲ್ಲಿ ಜರ್ಮನರು ವಿಲ್ನಾದ ಘೆಟ್ಟೋವನ್ನು ಬರಿದುಮಾಡಿದರು. ಹೋರಾಟಗಾರರಲ್ಲಿ ಹಲವರು ನೆಲದಡಿಯ ಕೊಳಚೆ ಕಾಲುವೆಗಳಲ್ಲಿ ತೆವಳಿ ಹೊರಬಿದ್ದು ರುದ್ನಿಕಿ ಕಾಡನ್ನು ಸೇರಿದರು. ಗ್ಲಿಕನಿಗೆ ಆ ಭಾಗ್ಯವಿರಲಿಲ್ಲ. ಅವನನ್ನು ಎಸ್ಟೋನಿಯದ ಶಿಬಿರಕ್ಕೆ ಸಾಗಿಸಿದರು. 1944ರಲ್ಲಿ ಸೋವಿಯತ್ ಸೈನ್ಯವು ಸಮೀಪಿಸಿದಾಗ ಅವನು ಅಲ್ಲಿಂದ ತಪ್ಪಿಸಿಕೊಂಡನು. ಮುಂದೆ ಅವನನ್ನು ಕಂಡವರಿಲ್ಲ. ಆ ಪ್ರಯತ್ನದಲ್ಲಿಯೇ ಮಡಿದನೆಂದು ನಂಬಲಾಗಿದೆ. ಆಗ ಅವನಿಗೆ ಇಪ್ಪತ್ತೆರಡರ ಆಸುಪಾಸಿನ ಪ್ರಾಯ. ಅವನ ಸಮಾಧಿಯಿಲ್ಲ.

ಹಾಗಾದರೆ ಅವನ ಹಾಡು ನಮ್ಮವರೆಗೆ ಬಂದುದು ಹೇಗೆ? ಇಲ್ಲಿ ಮತ್ತೆ ಕಾಚೆರ್ಗಿನ್‌ಸ್ಕಿಯವರನ್ನು ನೆನೆಯಬೇಕು. 1908ರಲ್ಲಿ ಹುಟ್ಟಿ ಬಾಲ್ಯದಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡ ಇವರು ಕವಿ, ಹೋರಾಟಗಾರ, ಎಲ್ಲಕ್ಕಿಂತ ಮಿಗಿಲಾಗಿ ಸಂಗ್ರಾಹಕ. ಜರ್ಮನರು ನಾಶಮಾಡಹೊರಟ ಯಿಡ್ಡಿಶ್, ಹೀಬ್ರೂ ಗ್ರಂಥಗಳನ್ನು ವಿಂಗಡಿಸುವ ಕೆಲಸಕ್ಕೆ ಇವರನ್ನೂ ಕವಿ ಅಬ್ರಹಾಂ ಸುಟ್ಸ್‌ಕೆವರರನ್ನೂ ಹಚ್ಚಿದಾಗ, ಇವರು ಪುಸ್ತಕಗಳನ್ನೂ ಹಸ್ತಪ್ರತಿಗಳನ್ನೂ ಬಟ್ಟೆಯೊಳಗೆ ಅಡಗಿಸಿ ಘೆಟ್ಟೋಕ್ಕೆ ಸಾಗಿಸಿದರು. ಕಾವಲುಗಾರರು ಕಂಡಿದ್ದರೆ ಪ್ರಾಣವೇ ಹೋಗುತ್ತಿತ್ತು. ನಂತರ ಇಬ್ಬರೂ ನಾರೋಚ್ ಕಾಡಿಗೆ ಹೋಗಿ ಪಾರ್ಟಿಸಾನರನ್ನು ಸೇರಿದರು. ಯುದ್ಧ ಮುಗಿದ ಮೇಲೆ ಕಾಚೆರ್ಗಿನ್‌ಸ್ಕಿಯವರು ಬದುಕುಳಿದವರನ್ನು ಹುಡುಕುತ್ತ ನಿರಾಶ್ರಿತರ ಶಿಬಿರಗಳಲ್ಲಿ ಅಲೆದು, ಅವರ ಬಾಯಲ್ಲಿದ್ದ ಹಾಡುಗಳನ್ನು ಬರೆದುಕೊಂಡರು. ಇನ್ನೂರಕ್ಕೂ ಮಿಕ್ಕಿದ ಹಾಡುಗಳಿರುವ ಅವರ ದೊಡ್ಡ ಸಂಗ್ರಹವು 1948ರಲ್ಲಿ ನ್ಯೂಯಾರ್ಕಿನಲ್ಲಿ ಅಚ್ಚಾಯಿತು. 1954ರಲ್ಲಿ ಅರ್ಜೆಂಟೀನದಲ್ಲಿ ವಿಮಾನ ಅಪಘಾತದಿಂದ ಅವರು ತೀರಿಕೊಂಡರು. ಅಷ್ಟರಲ್ಲಿ ಕೆಲಸ ಮುಗಿದಿತ್ತು.

ಗ್ಲಿಕನ ಹಾಡು ಮುಂದೆ ಎಲ್ಲೆಲ್ಲಿಗೋ ಹೋಯಿತು. ಅಮೇರಿಕದ ನೀಗ್ರೋ ಜನಾಂಗದ ಮಹಾಗಾಯಕ ಪಾಲ್ ರಾಬ್ಸನ್ 1949ರ ಜೂನ್‌ನಲ್ಲಿ ಮಾಸ್ಕೋದ ಸಭಾಂಗಣವೊಂದರಲ್ಲಿ ಅದನ್ನು ಯಿಡ್ಡಿಶಿನಲ್ಲಿಯೇ ಹಾಡಿದರು. ಸ್ಟಾಲಿನನ ಆಡಳಿತವು ಯಿಡ್ಡಿಶ್ ಲೇಖಕರನ್ನು ಸೆರೆಗೆ ತಳ್ಳಿದ್ದ ಕಾಲವದು. ರಾಬ್ಸನ್ನರ ಗೆಳೆಯ, ಯಿಡ್ಡಿಶ್ ಕವಿ ಇಟ್ಜಿಕ್ ಫೆಫರ್ ಆಗ ಬಂದಿಯಾಗಿದ್ದರು. 1952ರಲ್ಲಿ ಅವರನ್ನು ಕೊಲ್ಲಲಾಯಿತು. ನಾಜಿಗಳ ವಿರುದ್ಧ ಹುಟ್ಟಿದ ಹಾಡು ಇನ್ನೊಂದು ದಬ್ಬಾಳಿಕೆಯ ಎದುರಿನಲ್ಲಿಯೂ ಹೀಗೆ ದನಿಯೆತ್ತಿತು. ಇಂದಿಗೂ ಹತ್ಯೆಗೀಡಾದವರ ಸ್ಮರಣೆಯ ಸಭೆಗಳಲ್ಲಿ ಎಲ್ಲರೂ ಎದ್ದುನಿಂತು ಅದನ್ನು ಹಾಡುತ್ತಾರೆ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಹಾಡಿನಿಂದ ಆದುದೇನು? ಅದು ಗುಂಡನ್ನು ತಡೆಯಲಿಲ್ಲ. ಬರೆದವನ ಪ್ರಾಣವನ್ನೂ ಉಳಿಸಲಿಲ್ಲ. ಇದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಯೆಹೂದ್ಯರ ಪ್ರಾಣದೊಡನೆ ಅವರ ನುಡಿಯನ್ನೂ ನೆನಪನ್ನೂ ಅಳಿಸಬೇಕೆಂಬುದು ಕೊಲೆಗಾರರ ಹವಣಿಕೆಯಾಗಿತ್ತು. ಆ ಕೊನೆಯ ಕಾರ್ಯ ಅವರಿಂದ ಆಗಲಿಲ್ಲ. ಸತ್ತವರು ಏನನ್ನು ಪ್ರೀತಿಸಿದರು, ಯಾರಿಗಾಗಿ ಅತ್ತರು, ಹೇಗೆ ಎದುರು ನಿಂತರು ಎಂಬುದನ್ನು ಅವರ ತಾಯ್ನುಡಿಯಲ್ಲಿಯೇ ನಾವಿಂದು ಕೇಳಬಲ್ಲೆವು. ಯಿಡ್ಡಿಶ್ ಲೇಖಕ ಐಸಾಕ್ ಬಾಶೆವಿಸ್ ಸಿಂಗರ್ ಅವರಿಗೆ 1978ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ನ್ಯೂಯಾರ್ಕ್, ಜೆರೂಸಲೇಂ ಮೊದಲಾದೆಡೆಗಳ ಸಂಪ್ರದಾಯಸ್ಥ ಕುಟುಂಬಗಳಲ್ಲಿ ಮಕ್ಕಳು ಇಂದಿಗೂ ಆ ಭಾಷೆಯಲ್ಲಿಯೇ ತೊದಲುತ್ತಾರೆ.

ಕವಿ ಹಾಡು ಕಟ್ಟಿದರೆ ಅರ್ಧ ಕೆಲಸವಾಯಿತು. ಕೇಳಿದವರು ಅದನ್ನು ನೆನಪಿನಲ್ಲಿಟ್ಟು, ಒಬ್ಬರು ಬರೆದಿಟ್ಟರೆ ಮಾತ್ರ ಅದು ಪೂರ್ಣವಾಗುವುದು. ಅಂತಹ ವಿಪತ್ತು ಯಾರಿಗೂ ಬಾರದಿರಲಿ. ಆದರೆ ನೆಮ್ಮದಿಯ ಕಾಲದಲ್ಲಿಯೂ ಹಿರಿಯರ ಜೊತೆಗೆ ಹಾಡುಗಳು ಹೋಗಿಬಿಡುತ್ತವೆಯಷ್ಟೆ. ನಿಮ್ಮ ಮನೆಯಲ್ಲಿ ಅಜ್ಜಿಯೊಬ್ಬರು ಹಾಡುವವರಿದ್ದರೆ ಬರುವ ರಜೆಯಲ್ಲಿ ಮಕ್ಕಳ ಕೈಯಿಂದ ಅದನ್ನು ಬರೆಯಿಸಿರಿ. ಹಾಡಿನ ಪದ, ಹಾಡಿದವರ ಹೆಸರು, ಕಲಿತ ಊರು, ಹಾಡುವ ಮಟ್ಟು, ಈ ನಾಲ್ಕೂ ಒಂದೇ ಪುಟದಲ್ಲಿರಲಿ. ಅಷ್ಟಕ್ಕೆ ಒಂದು ನೋಟುಪುಸ್ತಕವೂ ಒಂದು ಮಧ್ಯಾಹ್ನವೂ ಸಾಕು.