ಊರಿನ ಗಂಟೆ

ಕನ್ನಡದಲ್ಲಿ ‘ಗಂಟೆ’ ಎಂಬ ಒಂದೇ ಪದವು ನಾದಗೈಯುವ ಕಂಚಿನ ಸಾಧನಕ್ಕೂ ಅರುವತ್ತು ನಿಮಿಷಗಳ ಕಾಲಾವಧಿಗೂ ಸಲ್ಲುತ್ತದೆ. ಇಂಗ್ಲಿಷಿನವರು ಗಡಿಯಾರಕ್ಕೆ ಹೇಳುವ ‘ಕ್ಲಾಕ್’ ಎಂಬ ಮಾತಿಗೂ ಗಂಟೆಯೆಂದರ್ಥವುಳ್ಳ ಮಧ್ಯಯುಗದ ಲ್ಯಾಟಿನ್ ಪದವೇ ಮೂಲ. ಈ ಸಾಮ್ಯದ ಮರ್ಮವನ್ನು ನಾವು ನಿಘಂಟಿನಿಂದ ಅರಿಯಲಿಲ್ಲ. ಒಬ್ಬ ಬಾಲಕನಿಂದ ಅರಿತೆವು.

ನಾವು ಉಪಾಧ್ಯಾಯವೃತ್ತಿಯನ್ನು ಕೈಗೊಂಡ ಮೊದಲ ವರ್ಷಗಳಲ್ಲಿ ಕನಕಪುರದ ಸೀಮೆಯ ಒಂದು ಹಳ್ಳಿಯಲ್ಲಿದ್ದೆವು. ಅಲ್ಲಿ ಕ್ರೈಸ್ತರ ಸಣ್ಣದೊಂದು ದೇವಾಲಯವಿತ್ತು. ಪ್ರಾತಃಕಾಲ ಆರಕ್ಕೆ, ಮಧ್ಯಾಹ್ನಕ್ಕೆ, ಸಾಯಂಕಾಲ ಆರಕ್ಕೆ ಅದರ ಗಂಟೆ ಮೊಳಗುತ್ತಿತ್ತು. ಕ್ರೈಸ್ತರಿಗೆ ಅದು ಪ್ರಾರ್ಥನೆಯ ಕರೆ. ಉಳಿದವರಿಗೆ ದನ ಬಿಚ್ಚುವ, ಹೊಲದಿಂದ ಊಟಕ್ಕೆ ಹಿಂದಿರುಗುವ, ದೀಪ ಹಚ್ಚುವ ವೇಳೆ. ಯಾರಾದರೂ ತೀರಿಕೊಂಡಾಗ ಅದೇ ಗಂಟೆ ತಡೆತಡೆದು ನುಡಿಯುತ್ತಿತ್ತು. ಆಗ ಊರೆಲ್ಲ ಒಂದು ಕ್ಷಣ ಸ್ತಬ್ಧವಾಗುತ್ತಿತ್ತು.

ಒಂದು ಶನಿವಾರ ಬೆಳಗಿನ ಶಾಲೆಗೆ ಹನ್ನೊಂದು ಮಂದಿ ಮಕ್ಕಳು ತಡವಾಗಿ ಬಂದರು. ನಾವು ಕೈಗಡಿಯಾರವನ್ನು ನೋಡಿಕೊಂಡು ಅವರೆಲ್ಲರನ್ನೂ ಬಿಸಿಲಿನಲ್ಲಿ ನಿಲ್ಲಿಸಿದೆವು. ಅವರಲ್ಲೊಬ್ಬ ಪುಟ್ಟ ಹುಡುಗನು, “ಇವತ್ತು ಗಂಟೆ ಹೊಡೀಲೇ ಇಲ್ಲ, ಸಾರ್” ಎಂದನು. ಉದ್ಧಟತನವೆಂದು ಬಗೆದು ಅವನನ್ನು ಇನ್ನೂ ಅರ್ಧ ತಾಸು ನಿಲ್ಲಿಸಿದೆವು. ಶಾಲೆ ಬಿಟ್ಟ ಮೇಲೆ ತಿಳಿಯಿತು: ರಾತ್ರಿ ಗಂಟೆಯ ಹಗ್ಗ ಹರಿದಿತ್ತು.

ಅಂದಿನಿಂದ ನಮಗೆ ಗಂಟೆಗಳ ಚರಿತ್ರೆಯಲ್ಲಿ ಆಸಕ್ತಿ ಹುಟ್ಟಿತು. ಗಂಟೆಯ ಕಂಚಿನಲ್ಲಿ ಸ್ಥೂಲವಾಗಿ ನಾಲ್ಕು ಪಾಲು ತಾಮ್ರ, ಒಂದು ಪಾಲು ತವರ. ತವರವನ್ನು ತಗ್ಗಿಸಿದರೆ ಅದೇ ಲೋಹವು ಫಿರಂಗಿಗೆ ಒದಗುತ್ತದೆ. ಆದಕಾರಣ ಯುದ್ಧ ಬಂದಾಗಲೆಲ್ಲ ಗಂಟೆಗಳಿಗೆ ವಿಪತ್ತು. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ಆಡಳಿತವು ಯೂರೋಪಿನ ಗೋಪುರಗಳಿಂದ ಸುಮಾರು 1,75,000 ಗಂಟೆಗಳನ್ನು ಇಳಿಸಿತು. ಅವುಗಳಲ್ಲಿ ಸುಮಾರು 1,50,000 ನಾಶವಾದುವು.

ನಮ್ಮ ನೆರೆಯ ಸೀಮೆಯ ಗಂಟೆಗಳಿಗೆ ಇದಕ್ಕಿಂತ ಮೃದುವಾದ ವಿಧಿಯಿತ್ತು. 1739ರಲ್ಲಿ ಚಿಮಾಜಿ ಅಪ್ಪನು ಪೋರ್ಚುಗೀಸರಿಂದ ವಸಾಯಿಯ ಕೋಟೆಯನ್ನು ಗೆದ್ದಾಗ, ಮರಾಠರು ಅಲ್ಲಿಯ ಚರ್ಚುಗಳ ಗಂಟೆಗಳನ್ನು ವಿಜಯಚಿಹ್ನೆಗಳಾಗಿ ಕೊಂಡೊಯ್ದರು. ಆದರೆ ಕರಗಿಸಲಿಲ್ಲ, ದೇವಾಲಯಗಳಲ್ಲಿ ತೂಗುಹಾಕಿದರು. ಭೀಮಾಶಂಕರದಲ್ಲಿಯೂ ನಾಸಿಕದ ನಾರೋಶಂಕರ ದೇವಾಲಯದಲ್ಲಿಯೂ ಅಂತಹ ಗಂಟೆಗಳು ಇಂದಿಗೂ ಇವೆ. ಕ್ರಿಸ್ತನ ಹೆಸರಿನಲ್ಲಿ ಎರಕಗೊಂಡ ಕಂಚು ಶಿವನ ಸನ್ನಿಧಿಯಲ್ಲಿ ನಾದಗೈದಾಗ ಅದರ ಸ್ವರವೇನೂ ಬದಲಾಗಲಿಲ್ಲ.

ಗೋವೆಯ ಮಾತೂ ಕೇಳತಕ್ಕದ್ದು. ಹಳೆಯ ಗೋವೆಯ ಸೇ ಕತೀದ್ರಾಲಿನಲ್ಲಿರುವ, ‘ಚಿನ್ನದ ಗಂಟೆ’ಯೆಂದು ಖ್ಯಾತವಾದ ಮಹಾಗಂಟೆಯು ಪರದೇಶದಿಂದ ಬಂದುದಲ್ಲ, 1652ರಲ್ಲಿ ಅಲ್ಲಿಯದೇ ಕುಂಕಳ್ಳಿಯೆಂಬ ಗ್ರಾಮದಲ್ಲಿ ಎರಕಗೊಂಡುದು. ಅಲ್ಲಿಯೇ ಅಗಸ್ತೀನ್ ಸಂನ್ಯಾಸಿಗಳ ಮಠವು 1835ರಲ್ಲಿ ಬರಿದಾಗಿ, 1842ರಲ್ಲಿ ಅದರ ಮಾಳಿಗೆ ಕುಸಿಯಿತು. ಅದರ ಗಂಟೆ ಮಾತ್ರ ಅಗ್ವಾದದ ದೀಪಸ್ತಂಭದಲ್ಲಿ ಕೆಲವು ಕಾಲವಿದ್ದು, 1871ರಿಂದ ಪಣಜಿಯ ಬೆಟ್ಟದ ಮೇಲಿನ ಚರ್ಚಿನಲ್ಲಿ ನುಡಿಯುತ್ತಿದೆ. ಮಠ ಅಳಿಯಿತು, ನಾದ ಉಳಿಯಿತು.

ಇವುಗಳಿಂದ ನಮ್ಮ ಅಲ್ಪಮತಿಗೆ ತೋರುವುದಿಷ್ಟು: ಗಂಟೆಯನ್ನು ಮಾಡಿಸಿದವರು ಒಬ್ಬರು, ಗೆದ್ದವರು ಇನ್ನೊಬ್ಬರು, ಆದರೆ ಅದು ಸಲ್ಲುವುದು ಅದನ್ನು ಕೇಳಿ ಬಾಳುವವರಿಗೆ. ಆ ಹಳ್ಳಿಯ ಮಕ್ಕಳ ಮನೆಗಳಲ್ಲಿ ಗಡಿಯಾರವಿರಲಿಲ್ಲ. ನಮ್ಮ ಕಾಲ ನಮ್ಮ ಮಣಿಕಟ್ಟಿನಲ್ಲಿತ್ತು, ಅವರ ಕಾಲ ಗೋಪುರದಲ್ಲಿತ್ತು. ಅವರು ತಮ್ಮ ಕಾಲಕ್ಕೆ ತಪ್ಪಿರಲಿಲ್ಲ.

ಸೋಮವಾರ ಆ ಹುಡುಗನನ್ನು ಕರೆದು, ‘ತಪ್ಪು ನಮ್ಮದು ಮಗು’ ಎನ್ನಬೇಕೆಂದಿದ್ದೆವು. ತರಗತಿಯ ಮುಂದೆ ಗುರುವಿನ ಘನತೆ ಅಡ್ಡಬಂದಿತು, ಆಡಲಿಲ್ಲ. ಬಳಿಕ ವರ್ಗವಾಗಿ ಹೊರಟುಬಂದೆವು.

ಈಗ ಜಯನಗರದ ನಮ್ಮ ಬೀದಿಯಲ್ಲಿ ಕೈಕೈಗೂ ಗಡಿಯಾರ, ಕೈಕೈಗೂ ಮೊಬೈಲು. ಆದರೂ ಮುಂಜಾನೆ ಎಲ್ಲಿಂದಲೋ ಗಂಟೆಯ ದನಿ ತೇಲಿಬಂದಾಗ, ದೇವಾಲಯದ್ದೋ ಚರ್ಚಿನದ್ದೋ ಎಂದು ನಾವು ವಿಚಾರಿಸುವುದಿಲ್ಲ. ಬಿಸಿಲಿನಲ್ಲಿ ನಿಂತ ಆ ಹುಡುಗನು ಕಣ್ಣಮುಂದೆ ಬರುತ್ತಾನೆ. ಮನೆಯಲ್ಲಿ ಮಕ್ಕಳು ತಡಮಾಡಿ ಬಂದಾಗ ಗದರಿಸುವ ಮುನ್ನ, ಅವರಿಗೆ ಗಂಟೆ ಕೇಳಿಸಿತೇ ಎಂದು ಒಮ್ಮೆ ವಿಚಾರಿಸಿರೆಂದು ವಾಚಕರಲ್ಲಿ ನಮ್ಮ ಬಿನ್ನಹ.