ಕಂಡದ್ದನ್ನು ಬರೆಯಲಿ ಮಕ್ಕಳು

ಪ್ರಾಥಮಿಕ ಶಾಲೆಯ ಮಕ್ಕಳಿಗೆ ನಿಸರ್ಗಚಿತ್ರ ಬರೆಯಲು ಹೇಳಿದರೆ ಬಯಲುಸೀಮೆಯಲ್ಲೂ ಎರಡು ತ್ರಿಕೋನ ಬೆಟ್ಟ, ನಡುವೆ ಸೂರ್ಯ, ಕೆಳಗೊಂದು ನದಿ ಮೂಡುತ್ತವೆ. ಕಪ್ಪುಹಲಗೆಯ ಚಿತ್ರವನ್ನು ನಕಲು ಮಾಡಿಸುವ ರೂಢಿಯ ಫಲವಿದು. ಬದಲಿಗೆ ಮಕ್ಕಳನ್ನು ಶಾಲೆಯಂಗಳಕ್ಕೆ ಕರೆದೊಯ್ದು, ರಟ್ಟು ಕತ್ತರಿಸಿ ಮಾಡಿದ ಚೌಕಟ್ಟಿನೊಳಗೆ ಕಂಡಷ್ಟನ್ನೇ ಬರೆಸಬಹುದು: ನೀರಿನ ಟ್ಯಾಂಕು, ಹೊಂಗೆ ಮರ, ದೂರದ ಜೋಳದ ಹೊಲ. ಭಾವಚಿತ್ರಕ್ಕೆ ಪಕ್ಕದಲ್ಲಿ ಕೂತ ಗೆಳೆಯನೇ ಸಾಕು. ಕಣ್ಣುಗಳಿರುವುದು ತಲೆಯ ಎತ್ತರದ ಹೆಚ್ಚೂಕಮ್ಮಿ ನಡುಮಧ್ಯದಲ್ಲಿ ಎಂಬುದನ್ನು ಪೆನ್ಸಿಲ್ ಹಿಡಿದು ಅವರೇ ಅಳೆದು ತಿಳಿಯಲಿ. ಮೈಸೂರು ಪ್ರವಾಸಕ್ಕೆ ಹೋದಾಗ ಜಗನ್ಮೋಹನ ಅರಮನೆಯಲ್ಲಿ ಕಲಾವಿದ ಹಲ್ದಣಕರರ ದೀಪ ಹಿಡಿದ ಮಹಿಳೆಯ ಜಲವರ್ಣ ಚಿತ್ರವನ್ನೂ ತೋರಿಸಬೇಕು. ಚಿತ್ರಕಲಾವಿದ ಕೆ. ವೆಂಕಟಪ್ಪನವರ (1886–1965) ಊಟಿ ದೃಶ್ಯಗಳ ಮುದ್ರಿತ ಪ್ರತಿಗಳು ಶಾಲೆಯ ಗೋಡೆಗೆ ಬರಲಿ. ಚಿತ್ರಕಲಾ ಶಿಕ್ಷಕರಿಲ್ಲದ ಕಡೆ ತರಗತಿ ಶಿಕ್ಷಕರಿಗೇ ಶಿಕ್ಷಣ ಇಲಾಖೆ ಹೀಗೆ ಕಲಿಸಲು ಸರಳ ತರಬೇತಿ ಕೊಡಬೇಕು.

– ಒಬ್ಬ ಪೋಷಕಿ, ಮೈಸೂರು