ಕಿವಿಗೆ ರೂಢಿಯಾದ ಸದ್ದು ಹೃದಯಕ್ಕೆ ರೂಢಿಯಾಗಿಲ್ಲ

ರೈಲು ಹಳಿಯ ಪಕ್ಕದಲ್ಲಿ ಮನೆಯಿರುವವರನ್ನು 'ರಾತ್ರಿ ನಿದ್ದೆ ಬರುತ್ತದೆಯೇ?' ಎಂದು ಕೇಳಿ ನೋಡಿ. 'ನಮಗೆ ರೂಢಿಯಾಗಿದೆ' ಎಂಬ ಉತ್ತರ ಸಿದ್ಧವಾಗಿರುತ್ತದೆ. ಮನೆಗೆ ಬಂದ ನೆಂಟರು ಗೂಡ್ಸ್ ರೈಲಿನ ಹಾರ್ನ್‌ಗೆ ಬೆಚ್ಚಿ ಏಳುತ್ತಾರೆ, ಮನೆಯವರು ಗೊರಕೆ ಹೊಡೆಯುತ್ತಿರುತ್ತಾರೆ. ಆದರೆ ಎಚ್ಚರವಾಗಲಿಲ್ಲ ಎಂದ ಮಾತ್ರಕ್ಕೆ ದೇಹಕ್ಕೆ ಏನೂ ಆಗಲಿಲ್ಲ ಎಂದುಕೊಳ್ಳಬೇಡಿ.

ನಾವು ಮಲಗಿದಾಗಲೂ ಕಿವಿ ಕೇಳುತ್ತಲೇ ಇರುತ್ತದೆ. ದೊಡ್ಡ ಸದ್ದನ್ನು ಮಿದುಳು ಅಪಾಯವೆಂದೇ ತಿಳಿಯುತ್ತದೆ. ಅಡ್ರಿನಲಿನ್‌ನಂತಹ ಹಾರ್ಮೋನುಗಳು ಹರಿಯುತ್ತವೆ, ಎದೆಬಡಿತ ಜೋರಾಗುತ್ತದೆ, ರಕ್ತನಾಳ ಬಿಗಿಯುತ್ತದೆ. ಯುರೋಪಿನ ಆರು ದೊಡ್ಡ ವಿಮಾನ ನಿಲ್ದಾಣಗಳ ಸುತ್ತ ವಾಸಿಸುವ, 45ರಿಂದ 70 ವರ್ಷದ 4,800ಕ್ಕೂ ಹೆಚ್ಚು ಮಂದಿಯನ್ನು ಪರೀಕ್ಷಿಸಿದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ರಾತ್ರಿಯ ವಿಮಾನ ಸದ್ದು 10 ಡೆಸಿಬಲ್ ಹೆಚ್ಚಿದಂತೆ ಅಧಿಕ ರಕ್ತದೊತ್ತಡದ ಸಾಧ್ಯತೆ ಸುಮಾರು ಶೇ. 14ರಷ್ಟು ಹೆಚ್ಚುತ್ತದೆಂದು ಅದು ತೋರಿಸಿತು. ನಿದ್ದೆಯಲ್ಲಿದ್ದವರಿಗೆ ಎಚ್ಚರವಾಗದಿದ್ದರೂ ವಿಮಾನ ಹಾದುಹೋದಾಗ ಬಿಪಿ ಏರುವುದು ಕಂಡುಬಂತು.

ನಮ್ಮ ಹುಬ್ಬಳ್ಳಿ ಬೆಳೆದದ್ದೇ ರೈಲಿನಿಂದ. 2003ರಿಂದ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಇಲ್ಲಿದೆ. ಒಂದೂವರೆ ಕಿಲೋಮೀಟರ್ ಉದ್ದದ, ಜಗತ್ತಿನಲ್ಲೇ ಅತಿ ಉದ್ದದ ಪ್ಲಾಟ್‌ಫಾರ್ಮ್ 2023ರ ಮಾರ್ಚ್‌ನಲ್ಲಿ ಇಲ್ಲಿಯೇ ಉದ್ಘಾಟನೆಯಾಯಿತು. ಗೋಕುಲ ರಸ್ತೆಯ ವಿಮಾನ ನಿಲ್ದಾಣಕ್ಕೆ 2017ರಲ್ಲಿ ಹೊಸ ಟರ್ಮಿನಲ್ ಬಂತು. ಅದೂ ಸಾಲದೆ 2024ರ ಮಾರ್ಚ್‌ನಲ್ಲಿ ಮತ್ತೊಂದಕ್ಕೆ ಶಂಕುಸ್ಥಾಪನೆಯಾಯಿತು. ಇದೆಲ್ಲ ಊರಿಗೆ ಒಳ್ಳೆಯದೇ. ಹಳಿಯ ಆಸುಪಾಸಿನ ನಮ್ಮ ಅನೇಕ ಕುಟುಂಬಗಳ ಅನ್ನವೂ ಇದರಿಂದಲೇ ಬಂದಿದೆ. ಆದರೆ ರೈಲು, ವಿಮಾನಗಳು ಹೆಚ್ಚಿದಂತೆ ಸದ್ದೂ ಹೆಚ್ಚುತ್ತದೆ. ಅದರ ಪಾಲು ಬರುವುದು ಬೇರೆಡೆ ಮನೆ ಕೊಳ್ಳಲಾಗದವರಿಗೇ.

ಹಾಗಾದರೆ ಮನೆ ಬಿಟ್ಟು ಹೋಗಬೇಕೇ? ಬೇಡ. ಮನೆಯಲ್ಲೇ ಮಾಡಬಹುದಾದದ್ದು ಸಾಕಷ್ಟಿದೆ. ಹಳಿಯ ಕಡೆಗಿರುವ ಕೋಣೆಯನ್ನು ಅಡುಗೆಗೋ ಸಾಮಾನು ಇಡಲೋ ಬಳಸಿ, ಮಕ್ಕಳನ್ನೂ ವೃದ್ಧರನ್ನೂ ಆಚೆ ಬದಿಯಲ್ಲಿ ಮಲಗಿಸಿ. ಬಟ್ಟೆ ತುಂಬಿದ ಕಪಾಟನ್ನು ಆ ಗೋಡೆಗೆ ಒರಗಿಸಿಡಿ. ಗಾಳಿ ನುಸುಳುವ ಸಂದಿನಲ್ಲಿ ಸದ್ದೂ ನುಸುಳುತ್ತದೆ. ಆದ್ದರಿಂದ ಕಿಟಕಿ ಬಾಗಿಲುಗಳ ಅಂಚಿಗೆ ರಬ್ಬರ್ ಪಟ್ಟಿ ಹಚ್ಚಿ. ಇಶಾ ನಮಾಝಿನ ನಂತರ ಹರಟೆಗೆ ಕೂರುವುದನ್ನು ಪ್ರವಾದಿಯವರು(ಸ) ಇಷ್ಟಪಡುತ್ತಿರಲಿಲ್ಲ. ನಾವು ಮಾತ್ರ ಮೊಬೈಲ್ ಹಿಡಿದು ಒಂದು ಗಂಟೆಯವರೆಗೆ ಕೂರುತ್ತೇವೆ. ರೈಲು ಕದ್ದ ನಿದ್ದೆಯ ಜೊತೆ ನಾವೇ ಇನ್ನಷ್ಟು ಕಳೆದರೆ ಫಜ್ರ್‌ಗೆ ಏಳುವ ಹೊತ್ತಿಗೆ ದೇಹಕ್ಕೆ ಏನು ಉಳಿಯುತ್ತದೆ? ಬೇಗ ಮಲಗಿ, ಸಾಧ್ಯವಾದರೆ ಮಧ್ಯಾಹ್ನ ಸ್ವಲ್ಪ ಹೊತ್ತು ಒರಗುವ ಸುನ್ನತ್ತನ್ನು ರೂಢಿಸಿಕೊಳ್ಳಿ. ಮೂವತ್ತು ದಾಟಿದವರು ಹತ್ತಿರದ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಬಿಪಿ ನೋಡಿಸಿಕೊಳ್ಳಿ. ಬಿಪಿ ನೋವು ಕೊಟ್ಟು ಬರುವ ಕಾಯಿಲೆಯಲ್ಲ.

ಹಾರ್ನ್ ಕಡಿಮೆಯಾಗುವುದು ಸ್ವಲ್ಪ ಮಟ್ಟಿಗೆ ನಮ್ಮ ಕೈಯಲ್ಲೂ ಇದೆ. ಲೆವೆಲ್ ಕ್ರಾಸಿಂಗ್ ಬಳಿ, ಹಳಿಯ ಮೇಲೆ ಜನ ಕಂಡಲ್ಲಿ ಚಾಲಕ ಹಾರ್ನ್ ಹಾಕಲೇಬೇಕು. ಹಳಿ ದಾಟಿ ಅಡ್ಡದಾರಿ ಹಿಡಿಯುವುದು 1989ರ ರೈಲ್ವೆ ಕಾಯ್ದೆಯ ಪ್ರಕಾರ ಅಪರಾಧ, ಜೀವಕ್ಕೂ ಕುತ್ತು. ಕೆಳಸೇತುವೆ, ಮೇಲ್ಸೇತುವೆ ಇದ್ದರೆ ಬಳಸೋಣ, ಇಲ್ಲದಿದ್ದರೆ ಬೇಡಿಕೆ ಇಡೋಣ.

ಉಳಿದದ್ದು ಸರ್ಕಾರದ ಹೊಣೆ. 2000ದ ಶಬ್ದಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸರಾಸರಿ ಸದ್ದು 45 ಡೆಸಿಬಲ್ ಮೀರಬಾರದು. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಯುರೋಪಿಗಾಗಿ ಹೊರಡಿಸಿದ ಸಲಹೆಯಲ್ಲಿ ರಾತ್ರಿಯ ಮಿತಿ ರೈಲಿಗೆ 44, ವಿಮಾನಕ್ಕೆ 40. ನಮ್ಮ ಓಣಿಯಲ್ಲಿ ಅದು ಎಷ್ಟಿದೆ ಎಂದು ಅಳೆಯಲು ಮಾಲಿನ್ಯ ನಿಯಂತ್ರಣ ಮಂಡಳಿಗೆ ಅರ್ಜಿ ಕೊಡಿ. ಮೊಹಲ್ಲಾದ ಜಮಾಅತ್ ಒಟ್ಟಾಗಿ, ನೆರೆಯ ಹಿಂದೂ, ಕ್ರೈಸ್ತ ಮನೆಗಳ ಸಹಿಯನ್ನೂ ಸೇರಿಸಿ ಕೊಟ್ಟರೆ ಅರ್ಜಿಗೆ ತೂಕ ಬರುತ್ತದೆ. ಹಾಗೆ ಕೇಳುವ ಮುನ್ನ ನಮ್ಮ ಮದುವೆ ಮನೆಗಳ ಡಿಜೆ ಕೂಡ ಹತ್ತಕ್ಕೆ ನಿಲ್ಲಲಿ. ಅದೇ ನಿಯಮ ನಮಗೂ ಅನ್ವಯಿಸುತ್ತದೆ.

ಇದರಿಂದ ಏನು ಪ್ರಯೋಜನ ಎನ್ನುವವರಿಗೆ ಜರ್ಮನಿಯ ಮ್ಯೂನಿಕ್ ಒಂದು ಉದಾಹರಣೆ. 1992ರಲ್ಲಿ ಅಲ್ಲಿನ ಹಳೆಯ ವಿಮಾನ ನಿಲ್ದಾಣ ಮುಚ್ಚಿ ಬೇರೆಡೆ ಹೊಸದು ತೆರೆಯಿತು. ಹಳೆಯದರ ಬಳಿಯ ಮಕ್ಕಳ ಓದು, ನೆನಪಿನ ಶಕ್ತಿ ಸುಧಾರಿಸಿದವು. ಹೊಸದರ ಬಳಿಯ ಮಕ್ಕಳಲ್ಲಿ ಕುಗ್ಗಿದವು. ಸದ್ದು ಇಳಿದರೆ ಮಕ್ಕಳು ಚೇತರಿಸಿಕೊಳ್ಳುತ್ತಾರೆ. ನಿಮ್ಮ ಮಗು ಓದಿನಲ್ಲಿ ಹಿಂದಿದೆ ಎಂದು ಗದರುವ ಮೊದಲು, ಅದು ಎಲ್ಲಿ ಮಲಗುತ್ತದೆ, ಎಲ್ಲಿ ಕೂತು ಓದುತ್ತದೆ ಎಂದು ಇಂದೇ ನೋಡಿ.